ಮನೆಯಲ್ಲೇ ವಿಡಿಯೋ ಎಡಿಟಿಂಗ್‌ಗೆ ಕಡಿಮೆ ಬಜೆಟ್ಟಿನ ಡೆಸ್ಕ್‌ಟಾಪ್: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ವೃತ್ತಿಪರ ಎಡಿಟರ್ ಅಲ್ಲ. ಹನುಮಂತನಗರದ ಮನೆಯ ಒಂದು ಮೂಲೆಯಲ್ಲಿ ಕೂತು ನೆಂಟರ ಗೃಹಪ್ರವೇಶ, ಪರಿಚಯದವರ ಮಕ್ಕಳ ಅರಂಗೇಟ್ರಂ, ಬಡಾವಣೆಯ ರಾಮನವಮಿ ಸಂಗೀತ ಕಚೇರಿ ಇಂಥವನ್ನು ಕತ್ತರಿಸಿ ಜೋಡಿಸುವವನು. ಆದರೆ "ಕಂಪ್ಯೂಟರ್ ತಗೋಬೇಕು, ಯಾವುದು ತಗೊಳ್ಳಲಿ" ಅಂತ ತಿಂಗಳಿಗೆ ಎರಡು ಸಲವಾದರೂ ಫೋನ್ ಬರುತ್ತದೆ. ಪ್ರತಿ ಸಲ ಅದೇ ಪುರಾಣ ಹೇಳುವ ಬದಲು ಇಲ್ಲಿ ಬರೆದಿಟ್ಟಿದ್ದೇನೆ.

ಎಷ್ಟು ದುಡ್ಡು ಇಟ್ಟುಕೊಳ್ಳಬೇಕು?

ಅದಕ್ಕೆ ಮುಂಚೆ ನನ್ನದೊಂದು ಪ್ರಶ್ನೆ: ಯಾವ ಫೈಲ್ ಎಡಿಟ್ ಮಾಡುತ್ತೀರಿ? ಫೋನಿನಲ್ಲಿ ತೆಗೆದ 1080ಪಿ ವಿಡಿಯೋನಾ, 4ಕೆನಾ, ಕ್ಯಾಮೆರಾದವರು ಪೆನ್‌ಡ್ರೈವ್‌ನಲ್ಲಿ ಕೊಟ್ಟದ್ದಾ? ಇದು ಗೊತ್ತಿಲ್ಲದೆ ಬಜೆಟ್ ಹೇಳುವುದು ಊಟಕ್ಕೆ ಎಷ್ಟು ಜನ ಅಂತ ಕೇಳದೆ ಅಕ್ಕಿ ನೆನೆಹಾಕಿದ ಹಾಗೆ.

ಆದರೂ ಅಂದಾಜು ಬೇಕೇ ಬೇಕು ಅಂದರೆ, ಮಾನಿಟರ್ ಬಿಟ್ಟು: 1080ಪಿ ಸಾಕು ಅನ್ನುವವರಿಗೆ ಇಪ್ಪತ್ತು, ಇಪ್ಪತ್ತೈದು ಸಾವಿರದ ಹಳೆಯ ಆಫೀಸ್ ಯಂತ್ರ ಸಾಕಾಗುತ್ತದೆ. ಫೋನಿನ 4ಕೆ ಎಡಿಟ್ ಮಾಡುವವರಿಗೆ ಐವತ್ತರಿಂದ ಅರವತ್ತು ಸಾವಿರದಲ್ಲಿ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಹೊಸ ಯಂತ್ರ. ಕಲರ್ ಗ್ರೇಡಿಂಗು (ಬಣ್ಣ ತಿದ್ದುವುದು), ಎಫೆಕ್ಟುಗಳು ಅಂತ ಆಸೆ ಇದ್ದರೆ ಎಂಬತ್ತು ಸಾವಿರ ದಾಟುತ್ತದೆ. ಕೊನೆಯ ಗುಂಪಿನವರು ತಾವು ನಿಜವಾಗಿ ಆ ಗುಂಪಿನವರೇ ಅಂತ ಎರಡು ಸಲ ಯೋಚಿಸಲಿ. ನನಗೆ ಫೋನ್ ಮಾಡುವ ಹತ್ತು ಜನರಲ್ಲಿ ಏಳೆಂಟು ಮಂದಿ ಅಲ್ಲ.

ನನ್ನ ಫೈಲ್ ಯಾವ ಜಾತಿಯದು ಅಂತ ತಿಳಿಯೋದು ಹೇಗೆ?

ಮೀಡಿಯಾಇನ್ಫೋ ಅನ್ನುವ ಉಚಿತ ತಂತ್ರಾಂಶ ಇದೆ. ಅದರೊಳಗೆ ಫೈಲನ್ನು ಎಳೆದು ಬಿಡಿ. ನಾಲ್ಕು ಸಾಲು ನೋಡಿದರೆ ಸಾಕು. ಮೊದಲನೆಯದು ಕೋಡೆಕ್, ಅಂದರೆ ವಿಡಿಯೋ ಕುಗ್ಗಿಸಿದ ವಿಧಾನ: ಎಚ್.264 ಅಂದರೆ ಎವಿಸಿ, ಎಚ್.265 ಅಂದರೆ ಎಚ್‌ಇವಿಸಿ. ಎರಡನೆಯದು ಬಿಟ್ ಡೆಪ್ತ್, ಅಂದರೆ ಬಣ್ಣದ ಮೆಟ್ಟಿಲುಗಳು ಎಷ್ಟು ನಯ ಅನ್ನುವುದು: 8 ಅಥವಾ 10. ಮೂರನೆಯದು ಕ್ರೋಮಾ, ಅಂದರೆ ಬಣ್ಣದ ವಿವರ ಎಷ್ಟು ಉಳಿಸಿದ್ದಾರೆ ಅನ್ನುವುದು: 4:2:0 ಅಥವಾ 4:2:2. ನಾಲ್ಕನೆಯದು ಬಿಟ್‌ರೇಟ್, ಅಂದರೆ ಸೆಕೆಂಡಿಗೆ ಎಷ್ಟು ಡೇಟಾ ಅನ್ನುವುದು.

ಫೋನ್‌ಗಳಲ್ಲಿ ಸಾಮಾನ್ಯವಾಗಿ 4:2:0 ಇರುತ್ತದೆ, ಅದನ್ನು ಈಗಿನ ಬಹುತೇಕ ಯಂತ್ರಗಳು ಸಲೀಸಾಗಿ ನುಂಗುತ್ತವೆ. ಮದುವೆ ಕ್ಯಾಮೆರಾದವರ ಹೊಸ ಸೋನಿ, ಕ್ಯಾನನ್‌ಗಳಲ್ಲಿ 10 ಬಿಟ್ 4:2:2 ಇರಬಹುದು. ಅಲ್ಲಿಂದಲೇ ರಗಳೆ ಶುರು. ಈ ಒಂದು ಸಾಲನ್ನು ಕಾಗದದಲ್ಲಿ ಬರೆದು ಜೇಬಿನಲ್ಲಿಟ್ಟುಕೊಂಡೇ ಅಂಗಡಿಗೆ ಹೋಗಿ.

ಮಗನ ಗೇಮಿಂಗ್ ಕಂಪ್ಯೂಟರ್‌ನಲ್ಲಿ ದೊಡ್ಡ ದೊಡ್ಡ ಗೇಮ್ ಓಡುತ್ತೆ, ವಿಡಿಯೋ ಮಾತ್ರ ಟೈಮ್‌ಲೈನ್‌ನಲ್ಲಿ ಹಿಡಿದು ಹಿಡಿದು ಬರುತ್ತೆ. ಯಾಕೆ?

ಹಾಲಿನವನ ಲೆಕ್ಕದ ಪುಸ್ತಕ ನೆನಪಿಸಿಕೊಳ್ಳಿ. ಒಂದನೇ ತಾರೀಕು "ಎರಡು ಲೀಟರ್" ಅಂತ ಪೂರ್ತಿ ಬರೆದಿರುತ್ತಾನೆ. ಆಮೇಲೆ ಕೆಳಗೆಲ್ಲ "ಮೇಲಿನಂತೆ" ಅನ್ನುವ ಎರಡು ಗೀಟು, ನಡುವೆ ಎಲ್ಲೋ "ಅರ್ಧ ಹೆಚ್ಚು", "ಒಂದು ಕಡಿಮೆ". ಹದಿನೇಳನೇ ತಾರೀಕು ಎಷ್ಟು ಹಾಲು ಬಂತು ಅಂತ ತಿಳಿಯಬೇಕಾದರೆ ಒಂದನೇ ತಾರೀಕಿನಿಂದ ಓದಿಕೊಂಡು ಬರಬೇಕು.

ಎಚ್.264, ಎಚ್.265 ಫೈಲ್‌ಗಳು ಹೀಗೇ ಕೆಲಸ ಮಾಡುತ್ತವೆ. ಅಲ್ಲೊಂದು ಇಲ್ಲೊಂದು ಪೂರ್ತಿ ಫ್ರೇಮ್, ನಡುವೆ ಇರುವುದೆಲ್ಲ "ಅಕ್ಕಪಕ್ಕದ ಫ್ರೇಮಿಗೂ ನನಗೂ ಏನು ವ್ಯತ್ಯಾಸ" ಅನ್ನುವ ಟಿಪ್ಪಣಿ. ಅದರಿಂದಲೇ ಫೈಲ್ ಚಿಕ್ಕದಾಗುವುದು. ನೋಡುವಾಗ ತೊಂದರೆ ಇಲ್ಲ, ಮೊದಲಿಂದ ಕೊನೆಗೆ ಓದುತ್ತಾ ಹೋಗುತ್ತದೆ. ಎಡಿಟ್ ಮಾಡುವಾಗ ನೀವು ಹಿಂದೆ ಮುಂದೆ ಎಳೆದಾಡುತ್ತೀರಿ, ಪ್ರತಿ ಎಳೆತಕ್ಕೂ ಪಾಪ ಅದು ಒಂದನೇ ತಾರೀಕಿಗೆ ಓಡಿ ಬರಬೇಕು. ಎರಡು ಕ್ಯಾಮೆರಾ ಒಟ್ಟಿಗೆ ಇದ್ದರೆ ಎರಡು ಪುಸ್ತಕ.

ಈ ಕೆಲಸಕ್ಕೆಂದೇ ಚಿಪ್‌ನೊಳಗೆ ಬೇರೆ ಒಂದು ಪುಟ್ಟ ಭಾಗ ಇರುತ್ತದೆ, ಡೀಕೋಡರ್ ಅಂತ. ಗೇಮ್ ಓಡಿಸುವ ಭಾಗವೇ ಬೇರೆ, ಇದೇ ಬೇರೆ. ನಿಮ್ಮ ಫೈಲಿನ ಜಾತಿ ಆ ಡೀಕೋಡರ್‌ಗೆ ಗೊತ್ತಿಲ್ಲದಿದ್ದರೆ ಎಂಥ ಗೇಮಿಂಗ್ ಯಂತ್ರವೂ ತಡವರಿಸುತ್ತದೆ. ಪರೀಕ್ಷೆ ಸುಲಭ: ವಿಂಡೋಸ್‌ನಲ್ಲಿ ಟಾಸ್ಕ್ ಮ್ಯಾನೇಜರ್ ತೆಗೆದು ಜಿಪಿಯು (ಗ್ರಾಫಿಕ್ಸ್ ಚಿಪ್) ಪುಟದಲ್ಲಿ "ವಿಡಿಯೋ ಡೀಕೋಡ್" ಗ್ರಾಫ್ ನೋಡುತ್ತಾ ಟೈಮ್‌ಲೈನ್ ಎಳೆಯಿರಿ. ಗೆರೆ ಮೇಲೆ ಎದ್ದರೆ ಡೀಕೋಡರ್ ಕೆಲಸ ಮಾಡುತ್ತಿದೆ. ಗೆರೆ ನೆಲಕ್ಕಂಟಿ, ಸಿಪಿಯು ಮಾತ್ರ ನೂರಕ್ಕೆ ಹೋದರೆ ಕಾಯಿಲೆ ಸಿಕ್ಕಿತು.

ಹಾಗಾದರೆ ಪ್ರೊಸೆಸರ್ ಯಾವುದು?

ಕಡಿಮೆ ಬಜೆಟ್ಟಿಗೆ ನನ್ನ ಓಟು ಇಂಟೆಲ್ ಕೋರ್ ಐ5ಗೆ. 12400, 13400, 14400 ಈ ಮೂರರಲ್ಲಿ ಆ ದಿನ ಯಾವುದು ಅಗ್ಗವೋ ಅದು. 12400ರಲ್ಲಿ ಆರು ಕೋರ್ ಹನ್ನೆರಡು ಥ್ರೆಡ್, ಉಳಿದೆರಡರಲ್ಲಿ ಹತ್ತು ಕೋರ್ ಹದಿನಾರು ಥ್ರೆಡ್. ಕಾರಣ ಕೋರ್ ಲೆಕ್ಕ ಅಲ್ಲ. ಇಂಟೆಲ್‌ನ ಒಳಗಿನ ಗ್ರಾಫಿಕ್ಸ್‌ನಲ್ಲಿ ಕ್ವಿಕ್ ಸಿಂಕ್ ಅನ್ನುವ ಡೀಕೋಡರ್ ಇದೆ. ಡೆಸ್ಕ್‌ಟಾಪ್‌ಗಳಲ್ಲಿ 11ನೇ ತಲೆಮಾರಿನಿಂದ ಈಚೆಗೆ (12400 ಅಂದರೆ 12ನೇ ತಲೆಮಾರು) ಅದು 10 ಬಿಟ್ 4:2:2 ಎಚ್.265 ಫೈಲನ್ನೂ ಬಿಡಿಸುತ್ತದೆ. ಎನ್‌ವಿಡಿಯಾದವರ ಕಾರ್ಡ್‌ಗಳಿಗೆ ಈ ವಿದ್ಯೆ ಬಂದದ್ದು 2025ರ ಆರ್‌ಟಿಎಕ್ಸ್ 50 ಸರಣಿಯಲ್ಲಿ.

ಇಲ್ಲೊಂದು ಗುಂಡಿ ಇದೆ, ನಾನೇ ಬಿದ್ದಿದ್ದೇನೆ. ಪ್ರೊಸೆಸರ್ ಹೆಸರಿನ ಕೊನೆಗೆ "ಎಫ್" ಇದ್ದರೆ ಒಳಗಿನ ಗ್ರಾಫಿಕ್ಸ್ ಇರುವುದಿಲ್ಲ, ಕ್ವಿಕ್ ಸಿಂಕ್ ಕೂಡ ಇಲ್ಲ. "ಸಾರ್, ಹೇಗಿದ್ರೂ ಕಾರ್ಡ್ ಹಾಕ್ತೀರಲ್ಲ, ಎಫ್ ತಗೊಳಿ, ಸಾವಿರ ಉಳಿಯುತ್ತೆ" ಅಂದರು ಅಂಗಡಿಯಲ್ಲಿ. ಉಳಿಸಿದೆ. ಮೂರು ತಿಂಗಳಿಗೆ ಅಣ್ಣನ ಮಗನ ಮದುವೆಯ 4:2:2 ಫೈಲ್ ಬಂತು. ಧಾರೆ ಎರೆಯುವ ದೃಶ್ಯ ಟೈಮ್‌ಲೈನ್‌ನಲ್ಲಿ ಹಾಕಿದರೆ ನೀರು ಬೀಳುವುದು ಸೆಕೆಂಡಿಗೆ ನಾಲ್ಕು ಫ್ರೇಮ್. ಕೊನೆಗೆ ಎಫ್ ಇಲ್ಲದ ಪ್ರೊಸೆಸರ್ ಕೊಂಡು ಹಳೆಯದನ್ನು ಅರ್ಧ ಬೆಲೆಗೆ ಮಾರಿದೆ. ಸಾವಿರ ಉಳಿಸಿದ್ದರ ಒಟ್ಟು ಖರ್ಚು ಆರು ಸಾವಿರ ಚಿಲ್ಲರೆ.

ಎರಡನೇ ಗುಂಡಿ ಇನ್ನೂ ಚಿಕ್ಕದು: ಬೇರೆ ಗ್ರಾಫಿಕ್ಸ್ ಕಾರ್ಡ್ ಹಾಕಿದಾಗ ಕೆಲವು ಮದರ್‌ಬೋರ್ಡ್‌ಗಳು ಒಳಗಿನ ಗ್ರಾಫಿಕ್ಸ್ ಅನ್ನು ತಾವಾಗಿಯೇ ಆರಿಸಿಬಿಡುತ್ತವೆ. ಬಯಾಸ್‌ಗೆ, ಅಂದರೆ ಕಂಪ್ಯೂಟರ್ ಶುರುವಾಗುವಾಗ ತೆರೆಯುವ ಸೆಟ್ಟಿಂಗ್ ಪುಟಕ್ಕೆ ಹೋಗಿ "ಐಜಿಪಿಯು ಮಲ್ಟಿ ಮಾನಿಟರ್" ಅನ್ನುವುದನ್ನು ಆನ್ ಮಾಡಬೇಕು. ಜೋಡಿಸಿಕೊಟ್ಟವರು ಇದನ್ನು ಮಾಡಿರುವುದಿಲ್ಲ, ಕೇಳಿ ಮಾಡಿಸಿಕೊಳ್ಳಿ.

13 ಮತ್ತು 14ನೇ ತಲೆಮಾರಿನ ಐ7, ಐ9ಗಳನ್ನು ಸೆಕೆಂಡ್ ಹ್ಯಾಂಡ್ ಕೊಳ್ಳಬೇಡಿ. ಹೆಚ್ಚಿನ ವೋಲ್ಟೇಜ್‌ನಿಂದ ಚಿಪ್ ಸವೆಯುವ ತೊಂದರೆ ಇತ್ತು. 2024ರಲ್ಲಿ ಇಂಟೆಲ್ ಮೈಕ್ರೋಕೋಡ್ ತಿದ್ದುಪಡಿ ಕೊಟ್ಟು ವಾರಂಟಿಯನ್ನೂ ಎರಡು ವರ್ಷ ಹೆಚ್ಚಿಸಿತು, ಆದರೆ ಆಗಲೇ ಸವೆದ ಚಿಪ್ ತಿದ್ದುಪಡಿಯಿಂದ ಸರಿಹೋಗುವುದಿಲ್ಲ. 12ನೇ ತಲೆಮಾರಿಗೆ ಈ ಬಾಧೆ ಇಲ್ಲ.

ಎಎಂಡಿ ಬೇಡವೇ?

ಬೇಡ ಅಂತಲ್ಲ. ನಿಮ್ಮ ಫೈಲ್‌ಗಳೆಲ್ಲ 4:2:0 ಆಗಿದ್ದರೆ ಎಎಂಡಿಯ ರೈಜನ್ ಪ್ರೊಸೆಸರ್ ಚೆನ್ನಾಗಿಯೇ ಓಡುತ್ತದೆ. 5600ಜಿಯಲ್ಲಿ ಒಳಗಿನ ಗ್ರಾಫಿಕ್ಸ್ ಇದೆ, ಬರೀ 5600ರಲ್ಲಿ ಇಲ್ಲ. 7600ರಲ್ಲಿ ಚಿಕ್ಕದೊಂದು ಇದೆ. ಎಎಂಡಿಯ ಹೊಸ ಸಾಕೆಟ್ ಆದ ಎಎಂ5ರ ಬೋರ್ಡ್ ಹಾಕಿದರೆ ನಾಲ್ಕು ವರ್ಷ ಬಿಟ್ಟು ಪ್ರೊಸೆಸರ್ ಮಾತ್ರ ಬದಲಾಯಿಸುವ ಅವಕಾಶ ಇಂಟೆಲ್‌ಗಿಂತ ಹೆಚ್ಚು. ಅದು ದೊಡ್ಡ ಅನುಕೂಲವೇ.

ಗ್ರಾಫಿಕ್ಸ್ ಕಾರ್ಡ್ ಬೇಕೇ ಬೇಕಾ?

ಕತ್ತರಿಸು, ಜೋಡಿಸು, ಹೆಸರು ಹಾಕು, ಸಂಗೀತ ಸೇರಿಸು, ಇಷ್ಟಕ್ಕೆ ಬೇಡ. ಮೊದಲು ಕಾರ್ಡ್ ಇಲ್ಲದೆ ಕೊಂಡು ಮೂರು ತಿಂಗಳು ಕೆಲಸ ಮಾಡಿ. ಎಲ್ಲಿ ಕಾಯಬೇಕಾಗುತ್ತಿದೆ ಅಂತ ನಿಮಗೇ ಗೊತ್ತಾಗುತ್ತದೆ. ಕಾರ್ಡ್ ಆಮೇಲೂ ಸಿಕ್ಕಿಸಬಹುದು, ಸ್ಲಾಟ್ ಎಲ್ಲಿಗೂ ಓಡಿಹೋಗುವುದಿಲ್ಲ.

ಡಾವಿಂಚಿ ರಿಸಾಲ್ವ್ ಬಳಸಿ ಕಲರ್ ಕೆಲಸ ಮಾಡುವವರಿಗೆ ಮಾತ್ರ ಈ ಮಾತು ಅನ್ವಯಿಸದು. ಆ ತಂತ್ರಾಂಶ ಜಿಪಿಯು ಮೇಲೇ ನಿಂತಿದೆ. ಅಲ್ಲಿ ಕಾರ್ಡ್‌ನ ವೇಗಕ್ಕಿಂತ ಅದರ ಮೆಮೊರಿ ಮುಖ್ಯ: 4ಕೆ ಟೈಮ್‌ಲೈನ್‌ನಲ್ಲಿ 4 ಜಿಬಿ ಕಾರ್ಡ್ "ಜಿಪಿಯು ಮೆಮೊರಿ ಫುಲ್" ಅಂತ ಕೈಯೆತ್ತುತ್ತದೆ, 8 ಜಿಬಿ ಇದ್ದರೆ ನೆಮ್ಮದಿ. ಹಳೆಯ ಆರ್‌ಟಿಎಕ್ಸ್ 3060ರ 12 ಜಿಬಿ ಮಾದರಿ, ಇಂಟೆಲ್ ಆರ್ಕ್ ಬಿ580ಯ 12 ಜಿಬಿ ಇವೆರಡೂ ಕೊಟ್ಟ ದುಡ್ಡಿಗೆ ಮೋಸವಿಲ್ಲ. ಆರ್ಕ್ ಕಾರ್ಡ್ 4:2:2 ಕೂಡ ಬಿಡಿಸುತ್ತದೆ, ಹಾಗಾಗಿ ಎಎಂಡಿ ಯಂತ್ರ ಇರುವವರಿಗೂ ಎಫ್ ಗುಂಡಿಗೆ ಬಿದ್ದವರಿಗೂ ಪುಟ್ಟ ಆರ್ಕ್ ಎ380 ಒಳ್ಳೆಯ ಪ್ರಾಯಶ್ಚಿತ್ತ. ಬಯಾಸ್‌ನಲ್ಲಿ ರೀಸೈಜಬಲ್ ಬಾರ್ ಅನ್ನುವ ಆಯ್ಕೆ ಆನ್ ಇರಬೇಕು, ಇಲ್ಲದಿದ್ದರೆ ಆರ್ಕ್ ಸೊರಗುತ್ತದೆ.

ಕಾರ್ಡ್ ಹಾಕಿದ ಮೇಲೆ ಮಾನಿಟರ್ ಕೇಬಲನ್ನು ಕಾರ್ಡಿಗೇ ಸಿಕ್ಕಿಸಿ. ನಗಬೇಡಿ. ಬಸವನಗುಡಿಯ ಒಂದು ಮನೆಯಲ್ಲಿ ಎಂಟು ತಿಂಗಳು ಮದರ್‌ಬೋರ್ಡಿಗೇ ಸಿಕ್ಕಿಸಿಕೊಂಡು ಕೆಲಸ ಮಾಡುತ್ತಿದ್ದರು.

ರ‍್ಯಾಮ್ ಎಷ್ಟು?

1080ಪಿಗೆ 16 ಜಿಬಿ, 4ಕೆಗೆ 32. ಕಾರ್ಡ್ ಇಲ್ಲದ ಯಂತ್ರದಲ್ಲಿ ಒಳಗಿನ ಗ್ರಾಫಿಕ್ಸ್ ಇದೇ ರ‍್ಯಾಮ್‌ನಿಂದ ಸಾಲ ತೆಗೆಯುತ್ತದೆ, ಆದ್ದರಿಂದ ಒಂದೇ ದೊಡ್ಡ ಕಡ್ಡಿಗಿಂತ ಒಂದೇ ಅಳತೆಯ ಎರಡು ಕಡ್ಡಿ ಮೇಲು.

ಬೆಲೆ ವಿಷಯದಲ್ಲಿ ಮಾತ್ರ ಈಗ ಕಾಲ ಕೆಟ್ಟಿದೆ. ಎಐ ಡೇಟಾ ಸೆಂಟರ್‌ಗಳು ಮೆಮೊರಿ ಚಿಪ್‌ಗಳನ್ನೆಲ್ಲ ಬಾಚಿಕೊಂಡು 2025ರ ಕೊನೆಯ ಹೊತ್ತಿಗೆ ರ‍್ಯಾಮ್ ಬೆಲೆ ಎರಡು ಪಟ್ಟಿಗೂ ಮೇಲೆ ಹೋಯಿತು. ಅದಕ್ಕೇ ಹಿಂದಿನ ತಲೆಮಾರಿನ ರ‍್ಯಾಮ್ ಆದ ಡಿಡಿಆರ್4ರ ಬೋರ್ಡ್ ಈಗಲೂ ಜಾಣತನ: ಹಳೆಯ ಯಂತ್ರಗಳಿಂದ ತೆಗೆದ ಡಿಡಿಆರ್4 ಕಡ್ಡಿಗಳು ಊರ ತುಂಬ ಇವೆ, ರ‍್ಯಾಮ್ ಸುಲಭಕ್ಕೆ ಹಾಳಾಗುವ ವಸ್ತುವೂ ಅಲ್ಲ. 12ರಿಂದ 14ನೇ ತಲೆಮಾರಿನ ಇಂಟೆಲ್‌ಗೆ ಡಿಡಿಆರ್4 ಬೋರ್ಡ್ ಸಿಗುತ್ತದೆ. ಹೊಸ ಕೋರ್ ಅಲ್ಟ್ರಾ ಡೆಸ್ಕ್‌ಟಾಪ್‌ಗಳಿಗೂ ಎಎಂ5ಗೂ ಡಿಡಿಆರ್5 ಮಾತ್ರ. ಈಗ 16 ಹಾಕಿ, ಸ್ಲಾಟ್ ಖಾಲಿ ಇಟ್ಟುಕೊಂಡು ಕಾಯುವುದರಲ್ಲಿ ಅವಮಾನ ಏನಿಲ್ಲ. ಎರಡು ಕಡ್ಡಿ ಹಾಕಿ ಇನ್ನೂ ಜಾಗ ಉಳಿಯಬೇಕಾದರೆ ನಾಲ್ಕು ಸ್ಲಾಟ್‌ನ ಬೋರ್ಡ್ ಬೇಕು. ಇಂಟೆಲ್‌ನ ಅಗ್ಗದ ಎಚ್610 ಬೋರ್ಡ್‌ಗಳಲ್ಲಿ ಎರಡೇ ಇರುತ್ತವೆ.

ಎಸ್‌ಎಸ್‌ಡಿ ಯಾವುದು? ಜೆನ್4, ಜೆನ್5 ಅಂತೆಲ್ಲ ಹೇಳ್ತಾರೆ.

ಲೆಕ್ಕ ಹಾಕಿ. ಸೆಕೆಂಡಿಗೆ 100 ಮೆಗಾಬಿಟ್‌ನ 4ಕೆ ವಿಡಿಯೋ ಅಂದರೆ ಸೆಕೆಂಡಿಗೆ 12.5 ಮೆಗಾಬೈಟ್. ಮಾಮೂಲಿ ಹಾರ್ಡ್ ಡಿಸ್ಕ್ ಕೂಡ ಸೆಕೆಂಡಿಗೆ ನೂರಕ್ಕಿಂತ ಹೆಚ್ಚು ಮೆಗಾಬೈಟ್ ಓದುತ್ತದೆ, ಸಾಟಾ ಎಸ್‌ಎಸ್‌ಡಿ ಸುಮಾರು 550, ಬೋರ್ಡಿಗೇ ಸಿಕ್ಕಿಸುವ ಎನ್‌ವಿಎಂಇ ಎಸ್‌ಎಸ್‌ಡಿಯ ಜೆನ್3, ಅಂದರೆ ಮೂರನೇ ತಲೆಮಾರು, ಮೂರು ಸಾವಿರ ದಾಟುತ್ತದೆ. ಹಾರ್ಡ್ ಡಿಸ್ಕ್ ಸೋಲುವುದು ವೇಗದಲ್ಲಿ ಅಲ್ಲ, ಜಿಗಿತದಲ್ಲಿ. ಎರಡು ಕ್ಯಾಮೆರಾ, ಒಂದು ಆಡಿಯೋ ಒಟ್ಟಿಗೆ ಓಡುವಾಗ ಅದರ ಸೂಜಿ ಮೂರು ಕಡೆ ಓಡಾಡಬೇಕು. ಎಸ್‌ಎಸ್‌ಡಿಗೆ ಸೂಜಿಯೇ ಇಲ್ಲ. ಆದ್ದರಿಂದ ಯಾವುದಾದರೂ ಎಸ್‌ಎಸ್‌ಡಿ ಸಾಕು, ಜೆನ್5ಗೆ ಕೊಡುವ ದುಡ್ಡಲ್ಲಿ ಜೆನ್3ನದೇ ದೊಡ್ಡದು ತಗೊಳ್ಳಿ.

ಜಾಗ ಮಾತ್ರ ನೀವು ಎಣಿಸಿದ್ದಕ್ಕಿಂತ ಹೆಚ್ಚು ಬೇಕು. ಅದೇ 100 ಮೆಗಾಬಿಟ್‌ನಲ್ಲಿ ಒಂದು ಗಂಟೆಗೆ 45 ಜಿಬಿ. ಮೂರು ಗಂಟೆಯ ಅರಂಗೇಟ್ರಂ, ಎರಡು ಕ್ಯಾಮೆರಾ: 270 ಜಿಬಿ. ಅಲರಿಪುವಿನಿಂದ ಮಂಗಳಂವರೆಗೆ ಒಂದು ಸೆಕೆಂಡನ್ನೂ ಅಳಿಸಲು ತಾಯಿ ಬಿಡುವುದಿಲ್ಲ. ನನ್ನ ಪದ್ಧತಿ: 500 ಜಿಬಿ ಎಸ್‌ಎಸ್‌ಡಿ ವಿಂಡೋಸ್‌ಗೆ, 1 ಟಿಬಿ ಎಸ್‌ಎಸ್‌ಡಿ ನಡೆಯುತ್ತಿರುವ ಕೆಲಸಕ್ಕೆ, 4 ಟಿಬಿ ಹಾರ್ಡ್ ಡಿಸ್ಕ್ ಮುಗಿದ ಕೆಲಸಕ್ಕೆ, ಅದರದ್ದೊಂದು ಪ್ರತಿ ಬೇರೆ ಮನೆಯಲ್ಲಿ. ಬೇರೆ ಮನೆ ಅಂದರೆ ನಮ್ಮ ಅಕ್ಕನ ಬೀರು.

ಹೊಸ ಯಂತ್ರ ಕೊಳ್ಳದೆ ಈಗಿರುವುದರಲ್ಲೇ ಹೇಗಾದರೂ ಆಗುತ್ತದಾ?

ಆಗುತ್ತದೆ. ಪ್ರಾಕ್ಸಿ ಅನ್ನುವ ಉಪಾಯ. ತಂತ್ರಾಂಶ ನಿಮ್ಮ ದೊಡ್ಡ ಫೈಲ್‌ಗಳಿಗೆಲ್ಲ ಒಂದೊಂದು ಹಗುರ ನಕಲು ಮಾಡುತ್ತದೆ, ನೀವು ನಕಲನ್ನು ಎಡಿಟ್ ಮಾಡುತ್ತೀರಿ, ಕೊನೆಗೆ ಎಕ್ಸ್‌ಪೋರ್ಟ್ ಮಾಡುವಾಗ ಅಸಲು ಫೈಲ್ ಬಂದು ಕೂರುತ್ತದೆ. ರಿಸಾಲ್ವ್, ಪ್ರೀಮಿಯರ್, ಕೆಡೆನ್‌ಲೈವ್, ಶಾಟ್‌ಕಟ್ ಎಲ್ಲದರಲ್ಲೂ ಇದೆ. ರಾತ್ರಿ ಊಟಕ್ಕೆ ಮುಂಚೆ ಪ್ರಾಕ್ಸಿ ಮಾಡಲು ಹಚ್ಚಿ ಮಲಗಿ, ಬೆಳಗ್ಗೆ ಕಾಫಿ ಹೊತ್ತಿಗೆ ಸಿದ್ಧ. ಹತ್ತು ವರ್ಷದ ಹಿಂದಿನ ಯಂತ್ರದಲ್ಲೂ ಟೈಮ್‌ಲೈನ್ ಬೆಣ್ಣೆಯಂತೆ ಜಾರುತ್ತದೆ.

ವರ್ಷಕ್ಕೆ ನಾಲ್ಕು ವಿಡಿಯೋ ಮಾಡುವವರು ಈ ಪುಟವನ್ನು ಇಲ್ಲಿಗೇ ನಿಲ್ಲಿಸಿ ದುಡ್ಡು ಉಳಿಸಬಹುದು. ನಿಜವಾಗಿ ಹೇಳುತ್ತಿದ್ದೇನೆ.

ಸೆಕೆಂಡ್ ಹ್ಯಾಂಡ್ ಕೊಳ್ಳಬಹುದಾ?

ಬೆಂಗಳೂರಿನಲ್ಲಿ ಇದ್ದುಕೊಂಡು ಕೊಳ್ಳದಿರುವುದೇ ತಪ್ಪು. ಇಲ್ಲಿನ ಕಂಪನಿಗಳು ಮೂರು ನಾಲ್ಕು ವರ್ಷಕ್ಕೆ ಲೀಸ್ ಮುಗಿಸಿ ಸಾಲು ಸಾಲು ಡೆಸ್ಕ್‌ಟಾಪ್‌ಗಳನ್ನು ಹೊರಗೆ ಹಾಕುತ್ತವೆ: ಡೆಲ್ ಆಪ್ಟಿಪ್ಲೆಕ್ಸ್, ಎಚ್‌ಪಿ ಪ್ರೊಡೆಸ್ಕ್, ಲೆನೊವೊ ಥಿಂಕ್‌ಸೆಂಟರ್. ಎಸಿ ಕೋಣೆಯಲ್ಲಿ ಎಕ್ಸೆಲ್ ತೆಗೆದು ಮುಚ್ಚಿ ಬದುಕಿದ ಯಂತ್ರಗಳು, ಒಳಗೆ ಧೂಳೂ ಇರುವುದಿಲ್ಲ.

ಕೆಳಗಿನ ಗಡಿ ಇಂಟೆಲ್ 8ನೇ ತಲೆಮಾರು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ 8ನೇ ತಲೆಮಾರಿನ ಕೋರ್ ಮತ್ತು ಟಿಪಿಎಂ 2.0 ಅನ್ನುವ ಭದ್ರತಾ ಸೌಲಭ್ಯ ಬೇಕು. "ಐ7 ಸಾರ್, ಫುಲ್ ಪವರ್" ಅಂತ 4ನೇ ತಲೆಮಾರಿನದನ್ನು ಕೈಗಿಡಲು ನೋಡುತ್ತಾರೆ, ಐ7 ಅನ್ನುವುದನ್ನಲ್ಲ, ಅದರ ಮುಂದಿನ ಅಂಕಿಯನ್ನು ಓದಿ. ಆರು ಕೋರ್‌ನ ಐ5-8500 ಆ ಹಳೆಯ ನಾಲ್ಕು ಕೋರ್‌ನ ಐ7ಗಿಂತ ಮುಂದಿದೆ.

ಆಕಾರವನ್ನೂ ನೋಡಿ. ಪುಸ್ತಕದಷ್ಟು ಚಿಕ್ಕ ಮೈಕ್ರೋ ಬೇಡ. ಸಪೂರ ಎಸ್‌ಎಫ್‌ಎಫ್ ಮಾದರಿಯಲ್ಲಿ ಗಿಡ್ಡ ಕಾರ್ಡ್ ಮಾತ್ರ ಹಿಡಿಯುತ್ತದೆ, ಎಸ್‌ಎಂಪಿಎಸ್ (ಒಳಗಿನ ಭಾಗಗಳಿಗೆ ಕರೆಂಟ್ ಕೊಡುವ ಡಬ್ಬ) ಕೂಡ ಅವರದೇ ಅಳತೆಯದು, ಕೆಟ್ಟರೆ ಮಾಮೂಲಿ ಎಸ್‌ಎಂಪಿಎಸ್ ಕೂರದು. ಟವರ್ ಸಿಕ್ಕರೆ ಐನೂರು, ಸಾವಿರ ಹೆಚ್ಚು ಕೊಟ್ಟಾದರೂ ಅದನ್ನೇ ತನ್ನಿ. ಒಳಗಿನ ಎಸ್‌ಎಸ್‌ಡಿ ಮಾತ್ರ ಹೊಸದು ಹಾಕಿಸಿ.

ಮ್ಯಾಕ್ ಮಿನಿ?

ಮನಸ್ಸಿಲ್ಲದ ಮನಸ್ಸಿನಿಂದ ಒಪ್ಪಿಕೊಳ್ಳುತ್ತೇನೆ, ಒಳ್ಳೆಯದು. ಎಂ4 ಮ್ಯಾಕ್ ಮಿನಿ 2024ರ ನವೆಂಬರ್‌ನಲ್ಲಿ 16 ಜಿಬಿ ಮೆಮೊರಿಯೊಂದಿಗೆ ₹59,900ಕ್ಕೆ ಬಂತು. ವಿಡಿಯೋ ಬಿಡಿಸುವ ಎಂಜಿನ್ ಒಳಗೇ ಇದೆ, ಐಫೋನಿನ ಪ್ರೊರೆಸ್ ಅನ್ನುವ ಭಾರಿ ಗಾತ್ರದ ವಿಡಿಯೋ ಕೂಡ ನೀರು ಕುಡಿದಂತೆ. ಸದ್ದಿಲ್ಲ, ಕರೆಂಟೂ ಕಡಿಮೆ.

ಕೊಕ್ಕೆ ಎಲ್ಲಿ ಅಂದರೆ 256 ಜಿಬಿ ಜಾಗದಲ್ಲಿ. ಐಫೋನ್ 4ಕೆ ಪ್ರೊರೆಸ್‌ನಲ್ಲಿ ಒಂದು ನಿಮಿಷಕ್ಕೆ ಸುಮಾರು 6 ಜಿಬಿ, ನೀವೇ ಭಾಗಿಸಿ. ಆಪಲ್‌ಗೆ ದುಡ್ಡು ಕೊಟ್ಟು ಜಾಗ ಹೆಚ್ಚಿಸಿಕೊಳ್ಳಬೇಡಿ, ಹೊರಗಿನ ಯುಎಸ್‌ಬಿ-ಸಿ ಎಸ್‌ಎಸ್‌ಡಿ ಸಿಕ್ಕಿಸಿ ಅದರಿಂದಲೇ ಎಡಿಟ್ ಮಾಡಿ. ಮೆಮೊರಿ ಮಾತ್ರ ಮುಂದೆಂದೂ ಹೆಚ್ಚಿಸಲಾಗದು. ಮಾನಿಟರ್, ಕೀಬೋರ್ಡ್ ಆಗಲೇ ಇರುವವರಿಗೆ, ಸ್ಕ್ರೂಡ್ರೈವರ್ ಹಿಡಿಯಲು ಇಷ್ಟವಿಲ್ಲದವರಿಗೆ ಇದೇ ಸರಿ.

ಲ್ಯಾಪ್‌ಟಾಪ್?

ಅದೇ ದುಡ್ಡಿಗೆ ಕಡಿಮೆ ಕೆಲಸ, ಹೆಚ್ಚು ಬಿಸಿ. ಓಡಾಡುವವರಿಗೆ ಸರಿ.

ಎಸ್‌ಎಂಪಿಎಸ್‌ಗೆ ಅಷ್ಟು ದುಡ್ಡು ಯಾಕೆ? ಕ್ಯಾಬಿನೆಟ್ ಜೊತೆ ಬರುತ್ತಲ್ಲ?

ಬರುವುದು ಡಬ್ಬ. ಮೇಲೆ 500 ವಾಟ್ ಅಂತ ಬರೆದಿರುತ್ತದೆ, ಅದು ಸ್ಟಿಕ್ಕರ್‌ನ ಶಕ್ತಿ. ಕೈಯಲ್ಲಿ ಎತ್ತಿ ನೋಡಿದರೇ ತಿಳಿಯುತ್ತದೆ, ಒಳಗೆ ಏನೂ ಇಲ್ಲದಷ್ಟು ಹಗುರ. ಹೆಸರಿರುವ ಕಂಪನಿಯ 80 ಪ್ಲಸ್ ಬ್ರಾಂಜ್ (ಕರೆಂಟ್ ಪೋಲು ಕಡಿಮೆ ಅನ್ನುವ ಗುರುತು), 450ರಿಂದ 550 ವಾಟ್, ಐದು ವರ್ಷ ವಾರಂಟಿ ಇರುವುದು ಹಾಕಿಸಿ. ಎಡಿಟಿಂಗ್ ಯಂತ್ರ ಗೇಮಿಂಗ್ ಯಂತ್ರದ ಹಾಗಲ್ಲ, ಎಕ್ಸ್‌ಪೋರ್ಟ್ ಹಚ್ಚಿದರೆ ಎರಡು ಮೂರು ಗಂಟೆ ಉಸಿರು ಬಿಡದೆ ಎಳೆಯುತ್ತದೆ.

ಕ್ಯಾಬಿನೆಟ್ ಮುಟ್ಟಿದರೆ ಜುಮ್ ಅನ್ನುತ್ತೆ. ಕಂಪ್ಯೂಟರ್ ಕೆಟ್ಟಿದೆಯಾ?

ಕಂಪ್ಯೂಟರ್ ಅಲ್ಲ, ಬಹುತೇಕ ನಿಮ್ಮ ಗೋಡೆಯ ಪ್ಲಗ್. ಎಸ್‌ಎಂಪಿಎಸ್‌ನ ಒಳಗಡೆ ಗದ್ದಲ ಸೋಸುವ ಪುಟ್ಟ ಕೆಪಾಸಿಟರ್‌ಗಳು ಲೈನ್‌ನಿಂದಲೂ ನ್ಯೂಟ್ರಲ್‌ನಿಂದಲೂ ಲೋಹದ ಮೈಗೆ ಸೇರಿರುತ್ತವೆ. ಅರ್ಥ್ ಸರಿಯಿದ್ದರೆ ಆ ಸೋರಿಕೆ ಭೂಮಿಗೆ ಹೋಗುತ್ತದೆ. ಅರ್ಥ್ ಇಲ್ಲದಿದ್ದರೆ ಮೈ ಮೇಲೆ ಸುಮಾರು ಅರ್ಧ ವೋಲ್ಟೇಜ್ ತೇಲುತ್ತಾ ಕೂರುತ್ತದೆ, ಬರಿಗಾಲಲ್ಲಿ ಮೊಸಾಯಿಕ್ ನೆಲದ ಮೇಲೆ ನಿಂತು ಮುಟ್ಟಿದರೆ ಜುಮ್. ಹಳೆಯ ಮನೆಗಳಲ್ಲಿ ಮೂರು ತೂತಿನ ಸಾಕೆಟ್ ಇರುತ್ತದೆ, ಮೂರನೆಯದರ ಹಿಂದೆ ತಂತಿಯೇ ಇರುವುದಿಲ್ಲ. ಎಲೆಕ್ಟ್ರಿಷಿಯನ್ ಕರೆಸಿ, ಕಂಪ್ಯೂಟರ್ ಅಂಗಡಿಯವರನ್ನಲ್ಲ. ಆಡಿಯೋದಲ್ಲಿ ಬರುತ್ತಿದ್ದ ಗುಂಯ್ ಶಬ್ದವೂ ಅದರ ಜೊತೆಗೇ ಹೋಗಬಹುದು, ನಮ್ಮ ಮನೆಯಲ್ಲಿ ಹೋಯಿತು.

ಯುಪಿಎಸ್ ಬೇಕಾ? ಮನೆಗೆ ಇನ್ವರ್ಟರ್ ಇದೆ.

ಇನ್ವರ್ಟರ್‌ನಲ್ಲಿ "ಯುಪಿಎಸ್ ಮೋಡ್" ಅನ್ನುವ ಸ್ವಿಚ್ ಇದೆಯೇ ನೋಡಿ, ಹಿಂಭಾಗದಲ್ಲಿ ಇರಬಹುದು. ಆ ಮೋಡ್‌ನಲ್ಲಿ ಬದಲಾಗಲು ಸುಮಾರು 10 ಮಿಲಿಸೆಕೆಂಡ್ ಸಾಕು, ಒಳ್ಳೆಯ ಎಸ್‌ಎಂಪಿಎಸ್ ಅಷ್ಟು ಹೊತ್ತು ಉಸಿರು ಹಿಡಿಯುತ್ತದೆ. ಮಾಮೂಲಿ ಮೋಡ್‌ನಲ್ಲಿ ಫ್ಯಾನಿಗೆ ಗೊತ್ತಾಗುವುದಿಲ್ಲ, ಕಂಪ್ಯೂಟರ್ ಸತ್ತು ಹುಟ್ಟುತ್ತದೆ. ಕಾರ್ಡ್ ಇಲ್ಲದ ಯಂತ್ರಕ್ಕೆ 600 ವಿಎ ಯುಪಿಎಸ್, ಅಂದರೆ ಸುಮಾರು 360 ವಾಟ್, ಸೇವ್ ಮಾಡಿ ಮುಚ್ಚಲು ಸಾಕು. ಕಾರ್ಡ್ ಇದ್ದರೆ 1,000 ವಿಎ ಮೇಲೆ. ಏಪ್ರಿಲ್‌ನ ಮೊದಲ ಮಳೆಗೆ ಮರದ ಕೊಂಬೆ ತಂತಿ ಮೇಲೆ ಬಿದ್ದು ಮೂರು ಗಂಟೆಯ ಎಕ್ಸ್‌ಪೋರ್ಟ್ 93 ಪರ್ಸೆಂಟ್‌ನಲ್ಲಿ ನಿಂತದ್ದನ್ನು ನೋಡಿದ ಮೇಲೆ ನಾನು ಈ ವಿಷಯದಲ್ಲಿ ಚೌಕಾಸಿ ಮಾಡುವುದಿಲ್ಲ.

ಎಲ್ಲಿ ಕೊಳ್ಳೋದು? ಎಸ್.ಪಿ. ರಸ್ತೆಯಲ್ಲಾ, ಆನ್‌ಲೈನಾ?

ಎರಡೂ. ಆನ್‌ಲೈನ್‌ನಲ್ಲಿ ಬೆಲೆಗಳನ್ನು ಬರೆದುಕೊಂಡು ಎಸ್.ಪಿ. ರಸ್ತೆಗೆ ಹೋಗಿ. ಸಾದರ ಪತ್ರಪ್ಪ ರಸ್ತೆ ಅಂದರೆ ಆಟೋದವರಿಗೆ ಅರ್ಥವಾಗದು, ಎಸ್.ಪಿ. ರೋಡ್ ಅನ್ನಿ. ಆದರೆ ಆಟೋ, ಕಾರು ಎರಡೂ ಬೇಡ, ಟೌನ್‌ಹಾಲ್ ಸುತ್ತಮುತ್ತಲ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡರೆ ಚೌಕಾಸಿ ಮಾಡುವ ತಾಳ್ಮೆಯೇ ಉಳಿಯುವುದಿಲ್ಲ. ಹಸಿರು ಮಾರ್ಗದ ಮೆಟ್ರೋದಲ್ಲಿ ಕೆ.ಆರ್. ಮಾರುಕಟ್ಟೆಗೋ ಚಿಕ್ಕಪೇಟೆಗೋ ಬಂದು ನಡೆಯಿರಿ. ಭಾನುವಾರ ಬಹುತೇಕ ಬಾಗಿಲು ಮುಚ್ಚಿರುತ್ತದೆ, ಶನಿವಾರ ಕಾಲಿಡಲು ಜಾಗವಿರುವುದಿಲ್ಲ. ವಾರದ ನಡುವೆ ಬೆಳಗ್ಗೆ ಹನ್ನೊಂದು ಒಳ್ಳೆಯ ಹೊತ್ತು.

ಪಟ್ಟಿ ಕೈಯಲ್ಲಿರಲಿ, ಮಾದರಿ ಸಂಖ್ಯೆಯ ಕೊನೆಯ ಅಕ್ಷರದವರೆಗೆ. ಮೂರು ಅಂಗಡಿಯಲ್ಲಿ ಕೊಟೇಶನ್ ಬರೆಸಿಕೊಳ್ಳಿ. "ಇದಿಲ್ಲ, ಇದರಪ್ಪ ಇದೆ" ಅಂದರೆ ಮುಂದಿನ ಅಂಗಡಿಗೆ ನಡೆಯಿರಿ. "ಬಿಲ್ ಇಲ್ಲದೆ ಆದರೆ ಇಷ್ಟಕ್ಕೇ" ಅನ್ನುವ ಮಾತು ಬಂದೇ ಬರುತ್ತದೆ. 18 ಪರ್ಸೆಂಟ್ ಜಿಎಸ್‌ಟಿ ಉಳಿಯಿತು ಅಂತ ಖುಷಿಪಟ್ಟವರು ಎಸ್‌ಎಸ್‌ಡಿ ಸತ್ತ ದಿನ ಅಳುತ್ತಾರೆ. ಪ್ರತಿ ಭಾಗದ ಸೀರಿಯಲ್ ಸಂಖ್ಯೆ ಬಿಲ್ಲಿನ ಮೇಲೆ ಇರಲಿ. ಪ್ರೊಸೆಸರ್ ಸೀಲ್ ಆದ ಡಬ್ಬಿಯಲ್ಲೇ ಬರಲಿ, ಡಬ್ಬಿಯಿಲ್ಲದೆ ಬಿಡಿಯಾಗಿ ಮಾರುವ ಟ್ರೇ ಪ್ರೊಸೆಸರ್‌ಗೆ ಕಂಪನಿಯ ಮೂರು ವರ್ಷದ ವಾರಂಟಿ ಸಿಗುವುದಿಲ್ಲ. ಖಾಲಿ ಡಬ್ಬಿಗಳನ್ನು ಅಟ್ಟದ ಮೇಲೆ ಎಸೆಯಿರಿ, ಹಳೆಪೇಪರ್‌ನವನಿಗೆ ಕೊಡಬೇಡಿ.

ಯಾವ ತಂತ್ರಾಂಶ? ದುಡ್ಡು ಕೊಡಬೇಕಾ?

ಶುರುವಿಗೆ ಬೇಡ. ಹಗುರ ಯಂತ್ರಕ್ಕೆ ಕೆಡೆನ್‌ಲೈವ್ ಅಥವಾ ಶಾಟ್‌ಕಟ್, ಎರಡೂ ಮುಕ್ತ ತಂತ್ರಾಂಶ. ಗಟ್ಟಿ ಯಂತ್ರಕ್ಕೆ ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿ. ಅದರಲ್ಲಿ ಅಲ್ಟ್ರಾ ಎಚ್‌ಡಿ, 60 ಫ್ರೇಮ್‌ವರೆಗೆ ಎಕ್ಸ್‌ಪೋರ್ಟ್ ಆಗುತ್ತದೆ, ಮನೆಗೆ ಅದಕ್ಕಿಂತ ಹೆಚ್ಚು ಯಾರಿಗೂ ಬೇಡ. ಮಬ್ಬು ಬೆಳಕಿನ ಸಭಾಂಗಣದ ಕಾಳು ಕಾಳು ತೆಗೆಯುವ ನಾಯ್ಸ್ ರಿಡಕ್ಷನ್ ಮಾತ್ರ ದುಡ್ಡಿನ ಸ್ಟುಡಿಯೋ ಆವೃತ್ತಿಯಲ್ಲಿ. 10 ಬಿಟ್ ಕ್ಯಾಮೆರಾ ಫೈಲ್ ಇದ್ದರೆ ಉಚಿತ ಆವೃತ್ತಿ ಸತಾಯಿಸಬಹುದು, ಆದ್ದರಿಂದ ಕೊಳ್ಳುವ ಮೊದಲೇ ಯಾರದಾದರೂ ಯಂತ್ರದಲ್ಲಿ ನಿಮ್ಮ ಫೈಲ್ ಹಾಕಿ ನೋಡಿ. ಲಿನಕ್ಸ್ ಪ್ರಿಯರಿಗೆ ಒಂದು ಎಚ್ಚರಿಕೆ: ಅಲ್ಲಿ ರಿಸಾಲ್ವ್ ಉಚಿತ ಆವೃತ್ತಿ ಎಚ್.264 ಫೈಲನ್ನೇ ತೆರೆಯುವುದಿಲ್ಲ. ಲಿನಕ್ಸ್ ಆದರೆ ಕೆಡೆನ್‌ಲೈವ್.

ಕನ್ನಡದಲ್ಲಿ ಹೆಸರು ಹಾಕಿದರೆ ಒತ್ತಕ್ಷರ ಒಡೆದು ಹೋಗುತ್ತೆ. ಇದು ಕಂಪ್ಯೂಟರ್ ಸಮಸ್ಯೆಯಾ?

ಕಂಪ್ಯೂಟರ್ ಬದಲಾಯಿಸಿದರೂ ಹೋಗುವುದಿಲ್ಲ, ತಂತ್ರಾಂಶದ್ದು. "ಕರ್ನಾಟಕ" ಅಂತ ಟೈಪ್ ಮಾಡಿ ನೋಡಿ. ಅರ್ಕಾವತ್ತು ಜಾಗದಲ್ಲಿ ಕೂರದೆ "ಕರ್‌ನಾಟಕ" ಅಂತ ಬಂದರೆ ಆ ತಂತ್ರಾಂಶಕ್ಕೆ ನಮ್ಮ ಲಿಪಿ ಜೋಡಿಸಲು ಬಾರದು ಅಂತ ಅರ್ಥ. ಪ್ರೀಮಿಯರ್‌ನಲ್ಲಿ ಪ್ರಿಫರೆನ್ಸಸ್‌ನ ಗ್ರಾಫಿಕ್ಸ್ ಭಾಗದಲ್ಲಿ ಟೆಕ್ಸ್ಟ್ ಎಂಜಿನ್ ಅನ್ನು "ಸೌತ್ ಏಷ್ಯನ್" ಇರುವ ಆಯ್ಕೆಗೆ ಬದಲಾಯಿಸಿದರೆ ಸರಿಹೋಗುತ್ತದೆ. ಹಳೆಯ ಸ್ಟುಡಿಯೋದವರು ಇಂದಿಗೂ ನುಡಿ, ಬರಹದ ಆನ್ಸಿ ಅಕ್ಷರ ಬಳಸುವುದು ಇದೇ ಕಾರಣಕ್ಕೆ: ಆ ಅಕ್ಷರಗಳು ಇಂಗ್ಲಿಷ್ ಕೀಲಿಗಳ ವೇಷದಲ್ಲಿ ಇರುವುದರಿಂದ ಯಾವ ತಂತ್ರಾಂಶವೂ ತಕರಾರು ಮಾಡುವುದಿಲ್ಲ. ಆದರೆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಲಗ್ನಪತ್ರಿಕೆಯ ಬದಲು ಮಂತ್ರವಾದಿಯ ತಗಡು.

ನನ್ನ ದಾರಿ ಇಂಕ್‌ಸ್ಕೇಪ್ ಅನ್ನುವ ಚಿತ್ರ ಬರೆಯುವ ತಂತ್ರಾಂಶ. ಬಾಲೂ ತಮ್ಮ ಅಥವಾ ನೋಟೊ ಸೆರಿಫ್ ಕನ್ನಡ ಫಾಂಟ್‌ನಲ್ಲಿ ಹೆಸರು ಬರೆದು, ಹಿನ್ನೆಲೆ ಇಲ್ಲದ ಪಿಎನ್‌ಜಿ ಚಿತ್ರ ಮಾಡಿ, ಅದನ್ನು ಟೈಮ್‌ಲೈನ್ ಮೇಲಿಡುವುದು. ತಪ್ಪು ತಿದ್ದಲು ಮತ್ತೆ ಮಾಡಬೇಕು, ನಿಜ. ಆದರೆ "ಶ್ರೀಮತಿ"ಯ ರಾವೊತ್ತು ಎಲ್ಲಿರಬೇಕೋ ಅಲ್ಲೇ ಇರುತ್ತದೆ.

ಫೋನ್ ವಿಡಿಯೋದಲ್ಲಿ ಹೋಗ್ತಾ ಹೋಗ್ತಾ ತುಟಿಗೂ ಮಾತಿಗೂ ತಾಳ ತಪ್ಪುತ್ತೆ.

ಫೋನ್‌ಗಳು ಬೆಳಕು, ಬಿಸಿ ನೋಡಿಕೊಂಡು ಫ್ರೇಮ್‌ರೇಟ್ ಏರಿಳಿಸುತ್ತವೆ. ಮೀಡಿಯಾಇನ್ಫೋದಲ್ಲಿ "ವೇರಿಯಬಲ್" ಅಂತ ಕಾಣುತ್ತದೆ. ಹ್ಯಾಂಡ್‌ಬ್ರೇಕ್ ಅನ್ನುವ ತಂತ್ರಾಂಶದಲ್ಲಿ ಹಾಕಿ "ಕಾನ್‌ಸ್ಟಂಟ್ ಫ್ರೇಮ್‌ರೇಟ್"ಗೆ ಬದಲಾಯಿಸಿಕೊಂಡು ಆಮೇಲೆ ಎಡಿಟ್ ಮಾಡಿ.

ಮಾನಿಟರ್?

24 ಇಂಚು, ಐಪಿಎಸ್ ಜಾತಿಯ ಪರದೆ, 1080ಪಿ. ಡಬ್ಬಿಯ ಮೇಲೆ ಎಸ್‌ಆರ್‌ಜಿಬಿ ಬಣ್ಣ 99 ಅಥವಾ 100 ಪರ್ಸೆಂಟ್ ಅಂತ ಇರಲಿ. ಬಣ್ಣ ಕೊರತೆಯ ಮಾನಿಟರ್‌ನಲ್ಲಿ ಅರಿಶಿನದ ಸೀರೆ ಸರಿಮಾಡಿ ಕಳಿಸಿದರೆ ಟಿವಿಯಲ್ಲಿ ಕಿತ್ತಳೆ ಆಗಿರುತ್ತದೆ, ಆಮೇಲೆ ಸೀರೆಯವರು ಫೋನ್ ಮಾಡುತ್ತಾರೆ.

ಇದನ್ನೆಲ್ಲ ಇಟ್ಟುಕೊಂಡರೆ ಗೃಹಜ್ಯೋತಿ ಮಿತಿ ದಾಟುತ್ತಾ?

ನಗುವ ಪ್ರಶ್ನೆಯಲ್ಲ, ಅತ್ತೆ ಕೇಳಿದ್ದರು. ಯಂತ್ರ, ಮಾನಿಟರ್ ಸೇರಿ ಕೆಲಸದ ಹೊತ್ತಿಗೆ 250 ವಾಟ್ ಅಂತ ಹಿಡಿಯಿರಿ, ನಾಲ್ಕು ಗಂಟೆಗೆ ಒಂದು ಯೂನಿಟ್. ತಿಂಗಳಿಗೆ ಇಪ್ಪತ್ತು ದಿನ ಕೂತರೆ 20 ಯೂನಿಟ್. ಈಗಾಗಲೇ 190ರ ಆಸುಪಾಸಿನಲ್ಲಿ ಇರುವ ಮನೆಯಾದರೆ 200 ದಾಟಿ ಪೂರ್ತಿ ಬಿಲ್ ಕಟ್ಟಬೇಕಾದೀತು. ಗೀಸರ್ ಹತ್ತು ನಿಮಿಷ ಮುಂಚೆ ಆರಿಸಿ.

ಧೂಳು?

ನಮ್ಮ ರಸ್ತೆಯನ್ನು ವರ್ಷದಲ್ಲಿ ಎಷ್ಟು ಸಲ ಅಗೆಯುತ್ತಾರೋ ಅಷ್ಟು ಸಲ ಬ್ಲೋವರ್ ಹೊಡೆಯಿರಿ. ಫ್ಯಾನ್ ರೆಕ್ಕೆಯನ್ನು ಬೆರಳಲ್ಲಿ ಹಿಡಿದುಕೊಂಡೇ ಹೊಡೆಯಬೇಕು, ಇಲ್ಲದಿದ್ದರೆ ಅತಿವೇಗಕ್ಕೆ ಬೇರಿಂಗ್ ಹೋಗುತ್ತದೆ. ಕ್ಯಾಬಿನೆಟ್ ನೆಲದ ಮೇಲೆ ಬೇಡ, ಒಂದು ಮಣೆಯಾದರೂ ಹಾಕಿ.

ಹಳೆಯ ಕಂಪ್ಯೂಟರ್ ಏನು ಮಾಡಲಿ?

ಅದರ ಹಾರ್ಡ್ ಡಿಸ್ಕ್ ಬಿಚ್ಚಿ, ಸಾಟಾದಿಂದ ಯುಎಸ್‌ಬಿಗೆ ಬದಲಾಯಿಸುವ ಡಬ್ಬಿಯೊಂದನ್ನು ತಂದು ಅದರೊಳಗೆ ಹಾಕಿ, ಮುಗಿದ ಕೆಲಸದ ಇನ್ನೊಂದು ಪ್ರತಿ ಇಡಲು ಆಗುತ್ತದೆ. ಹಾಗೆ ಬಿಚ್ಚುವ ಮುಂಚೆ ಅದರಲ್ಲಿ ಏನಿದೆ ಅಂತ ಒಮ್ಮೆ ನೋಡಿ. ನನ್ನದರಲ್ಲಿ 2009ರ ಒಂದು ಫೋಲ್ಡರ್ ಸಿಕ್ಕಿತು, ಅಜ್ಜಿ ಜಗಲಿಯಲ್ಲಿ ಕೂತು ಹೂ ಕಟ್ಟುವ ಹನ್ನೊಂದು ಸೆಕೆಂಡಿನ ವಿಡಿಯೋ, 320 ಬೈ 240. ಅದನ್ನು ಎಡಿಟ್ ಮಾಡಲು ಯಾವ ಕಂಪ್ಯೂಟರ್ ಆದರೂ ಸಾಕಾಗಿತ್ತು.